ಊರ ಮೇಷ್ಟ್ರ ಬದುಕನ್ನು ಬರೆದಿಡುವುದು: ನಾನು ಹಿಡಿಯುವ ದಾರಿ

ಊರಿನ ಹಳೆಯ ಮೇಷ್ಟ್ರಿಗೆ ಎಂಬತ್ತು ತುಂಬಿತು, ಸಹಸ್ರಚಂದ್ರ ದರ್ಶನ ಹತ್ತಿರ ಬಂತು ಅಂದರೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಅಭಿನಂದನಾ ಗ್ರಂಥ ತರೋಣ ಅನ್ನುತ್ತಾರೆ. ಸಮಿತಿ ಆಗುತ್ತದೆ, ಗೌರವಾಧ್ಯಕ್ಷರು ಸಿಗುತ್ತಾರೆ, ರಸೀದಿ ಪುಸ್ತಕವೂ ಅಚ್ಚಾಗುತ್ತದೆ. ಬರೆಯುವ ಕೆಲಸ ಮಾತ್ರ ಯಾರಾದರೂ ಒಬ್ಬರ ತಲೆಗೆ ಬೀಳುತ್ತದೆ. ಹಾಗೆ ನನ್ನ ಪಾಲಿಗೆ ಬಂದ ಪುಸ್ತಕಗಳನ್ನು ಮಾಡುತ್ತ ಮಾಡುತ್ತ ಕುದುರಿದ ಕ್ರಮ ಇದು. ತಾಲ್ಲೂಕು ಕೇಂದ್ರದಲ್ಲೋ ಹೋಬಳಿ ಊರಲ್ಲೋ ಮೂವತ್ತು ನಲವತ್ತು ವರ್ಷ ಪಾಠ ಹೇಳಿ, ನಿವೃತ್ತಿಯ ಆಮೇಲೂ ವಾಚನಾಲಯ, ಸಹಕಾರ ಸಂಘ, ಕಣ್ಣಿನ ಶಿಬಿರ ಅಂತ ಓಡಾಡಿದವರ ಬದುಕಿಗೆ ಇದು ಹೊಂದುತ್ತದೆ.

ಸಾಮಾನ್ಯವಾಗಿ ಬರುವ ಗ್ರಂಥ ಹೇಗಿರುತ್ತದೆ ಎಲ್ಲರಿಗೂ ಗೊತ್ತು. ಇನ್ನೂರು ಪುಟ, ಪುಟಕ್ಕೊಂದು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಆದರೆ ಮೇಷ್ಟ್ರು ಆ ಊರಿಗೆ ಯಾವ ಇಸವಿಯಲ್ಲಿ ಬಂದರು ಅಂತ ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೂ ಮೂರು ಲೇಖನದಲ್ಲಿ ಮೂರು ಇಸವಿ. ಇದಕ್ಕೆ ಕಾರಣ ಒಂದೇ: ಎಲ್ಲರೂ ಮೊದಲು ಲೇಖನ ಕೇಳುತ್ತಾರೆ, ಕಾಗದಪತ್ರ ಕೊನೆಗೆ ನೆನಪಾಗುತ್ತದೆ. ನಾನು ಕಾಗದ ಮೊದಲು, ಮಾತು ಆಮೇಲೆ ಅನ್ನುವವನು. ತಾರೀಕು ಕೈಯಲ್ಲಿದ್ದರೆ ತೊಂಬತ್ತರ ಹಿರಿಯರ ನೆನಪೂ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ತಾರೀಕಿಲ್ಲದೆ ಕೇಳಿದರೆ ಸಭೆಗಳಲ್ಲಿ ಹೇಳಿ ಹೇಳಿ ರೂಢಿಯಾದ ನಾಲ್ಕು ಪ್ರಸಂಗಗಳೇ ಮತ್ತೆ ಬರುತ್ತವೆ.

ಇಸವಿ ಪುಸ್ತಕ

ಮೊದಲ ಖರ್ಚು ಒಂದು ಉದ್ದನೆ ಲೆಡ್ಜರ್. ಹುಟ್ಟಿದ ವರ್ಷದಿಂದ ಈವರೆಗೆ, ವರ್ಷಕ್ಕೆ ಅರ್ಧ ಪುಟ. ಆರು ಕಲಂ ಎಳೆಯುತ್ತೇನೆ: ಇಸವಿ, ವಯಸ್ಸು, ಕೆಲಸದ ಶಾಲೆ, ವಾಸದ ಮನೆ, ಊರಲ್ಲಿ ಮತ್ತು ಹೊರಗೆ ನಡೆದದ್ದು, ಇದು ಎಲ್ಲಿಂದ ಗೊತ್ತಾಯಿತು. ಕೊನೆಯ ಕಲಮನ್ನು ಖಾಲಿ ಬಿಡಲೇಬಾರದು. ದಾಖಲೆಯಿಂದ ಬಂದದ್ದನ್ನು ಇಂಕಿನಲ್ಲಿ, ಬಾಯಿಮಾತಿನಿಂದ ಬಂದದ್ದನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಆರು ತಿಂಗಳ ನಂತರ ಯಾವುದು ಗಟ್ಟಿ, ಯಾವುದು ಸಡಿಲ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಕಂಪ್ಯೂಟರಿನಲ್ಲೂ ಇದನ್ನು ಮಾಡಬಹುದು. ಆದರೆ ಲೆಡ್ಜರನ್ನು ಮೇಷ್ಟ್ರ ಮುಂದೆ ಬಿಡಿಸಿ ಇಟ್ಟರೆ ಅವರೇ ಕನ್ನಡಕ ಏರಿಸಿ, ಬೆರಳಿಟ್ಟು ತಿದ್ದುತ್ತಾರೆ. ಮೇಷ್ಟ್ರಲ್ಲವೇ, ತಿದ್ದುವುದು ಕೈಗೆ ಅಂಟಿದ ಚಾಳಿ.

ಹೊರಗಿನ ಘಟನೆಗಳನ್ನು ಮೊದಲೇ ತುಂಬಿಟ್ಟುಕೊಂಡರೆ ನೆನಪಿಗೆ ಗೂಟ ಹೊಡೆದ ಹಾಗೆ. ಗಾಂಧಿ ಹತ್ಯೆ 30 ಜನವರಿ 1948, ನಯಾ ಪೈಸೆ ಬಂದದ್ದು 1 ಏಪ್ರಿಲ್ 1957, ನೆಹರೂ ತೀರಿಕೊಂಡದ್ದು 27 ಮೇ 1964, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1 ನವೆಂಬರ್ 1973. ಉತ್ತರ ಕರ್ನಾಟಕದವರಿಗೆ 16 ಫೆಬ್ರವರಿ 1980ರ ಖಗ್ರಾಸ ಸೂರ್ಯಗ್ರಹಣ ಬಹಳ ಒಳ್ಳೆಯ ಗುರುತು. ‘ಗ್ರಹಣದ ದಿನ ಯಾವ ಶಾಲೇಲಿದ್ರಿ?’ ಅಂದರೆ ಉತ್ತರ ತಟ್ಟನೆ ಬರುತ್ತದೆ. ‘1980ರಲ್ಲಿ ಎಲ್ಲಿದ್ರಿ?’ ಅಂದರೆ ಬರುವುದಿಲ್ಲ.

ಸೇವಾ ಪುಸ್ತಕ

ಸರ್ಕಾರಿ ಶಾಲೆಯ ಮೇಷ್ಟ್ರಾದರೆ ಬೆನ್ನೆಲುಬು ಅವರ ಸೇವಾ ಪುಸ್ತಕ, ಎಲ್ಲರೂ ಎಸ್‌ಆರ್ ಅನ್ನುವುದು ಅದಕ್ಕೇ. ಮೊದಲ ಪುಟದಲ್ಲಿ ಹುಟ್ಟಿದ ದಿನ, ಎತ್ತರ, ಮೈಮೇಲಿನ ಗುರುತಿನ ಮಚ್ಚೆ, ಸಹಿ, ಬೆರಳಚ್ಚು. ಒಳಗೆ ನೇಮಕ, ತರಬೇತಿ, ವರ್ಗಾವಣೆ, ವಾರ್ಷಿಕ ಬಡ್ತಿ, ರಜೆ ಖಾತೆ. ಪ್ರಾಥಮಿಕ ಶಾಲೆಯವರದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿರುತ್ತದೆ, ಅನುದಾನಿತ ಶಾಲೆಯವರದನ್ನು ಆಡಳಿತ ಮಂಡಳಿಯ ಕಚೇರಿಯಲ್ಲಿ ವಿಚಾರಿಸಬೇಕು. ಎಷ್ಟೋ ಮೇಷ್ಟ್ರುಗಳು ನಿವೃತ್ತಿ ಹೊತ್ತಿಗೆ ಒಂದು ಜೆರಾಕ್ಸ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿರುತ್ತಾರೆ, ಮೊದಲು ಅದನ್ನು ಕೇಳಿ. ಅದೂ ಇಲ್ಲದಿದ್ದರೆ ಪಿಂಚಣಿ ಪುಸ್ತಕವಾದರೂ ಇದ್ದೇ ಇರುತ್ತದೆ. ನಿವೃತ್ತಿಯ ದಿನ, ಒಟ್ಟು ಸೇವಾವಧಿ, ಕೊನೆಯ ಸಂಬಳ ಇಷ್ಟು ಅದರಲ್ಲಿ ಸಿಗುತ್ತದೆ.

ಕಚೇರಿಯಿಂದ ಪಡೆಯಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ಅರ್ಜಿ ಮೇಷ್ಟ್ರ ಹೆಸರಲ್ಲೇ, ಅವರ ಸಹಿಯಲ್ಲೇ ಹೋಗಬೇಕು. ನಾವು ನೀವು ಹಾಕಿದರೆ ‘ಇದು ಮೂರನೆಯವರ ವೈಯಕ್ತಿಕ ಮಾಹಿತಿ’ ಅಂತ ವಾಪಸು ಕಳಿಸುತ್ತಾರೆ, ಅದು ಕಾನೂನಿಗೆ ಸರಿಯೂ ಹೌದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ‘ಸೇವಾ ಪುಸ್ತಕದ ಎಲ್ಲ ಪುಟಗಳ ನಕಲು’ ಅಂತ ಒಂದೇ ಸಾಲು ಬರೆದರೆ ಸಾಕು. ಎರಡು ಶಾಲೆಯ ಹಾಜರಿ ಪುಸ್ತಕವನ್ನೂ ಅದರಲ್ಲೇ ಕೇಳಲು ಹೋದರೆ ಮೊದಲನೆಯ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು.

ಇದನ್ನು ಓದುವುದಕ್ಕೂ ಒಂದಿಷ್ಟು ಅಭ್ಯಾಸ ಬೇಕು. ವರ್ಗಾವಣೆಗೆ ಮೂರು ತಾರೀಕು ಇರುತ್ತದೆ: ಆದೇಶದ್ದು, ಹಳೆ ಶಾಲೆಯಿಂದ ಬಿಡುಗಡೆಯಾದದ್ದು, ಹೊಸ ಶಾಲೆಗೆ ಹಾಜರಾದದ್ದು. ಪುಸ್ತಕಕ್ಕೆ ಬೇಕಾದದ್ದು ಮೂರನೆಯದು. ಆದೇಶವಾದ ಮೇಲೆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಬಿಡುಗಡೆ ಕೊಡದೆ ಇಟ್ಟುಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಇನ್ನೊಂದು ತೊಡಕು ನಿಯೋಜನೆ. ಸಂಬಳ ಒಂದು ಶಾಲೆಯಲ್ಲಿ, ಪಾಠ ಇನ್ನೊಂದು ಶಾಲೆಯಲ್ಲಿ. ಎಷ್ಟೋ ಸಲ ಇದು ಎಸ್‌ಆರ್‌ನಲ್ಲಿ ಏರಿರುವುದೇ ಇಲ್ಲ. ವಿದ್ಯಾರ್ಥಿಗಳು ‘ನಮಗೆ ಎರಡು ವರ್ಷ ಪಾಠ ಮಾಡಿದ್ರು’ ಅನ್ನುವುದಕ್ಕೂ ಎಸ್‌ಆರ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಆ ಶಾಲೆಯ ಶಿಕ್ಷಕರ ಹಾಜರಿ ಪುಸ್ತಕ ತೆಗೆಸಿ. ಅಲ್ಲಿ ಸಹಿ ಇರುತ್ತದೆ.

ದಂಡನೆಯ ನಮೂದು, ಬಡ್ತಿ ತಡೆ ಇಂಥವು ಕಂಡರೆ ಮೊದಲು ಮೇಷ್ಟ್ರೊಬ್ಬರ ಹತ್ತಿರ ಮಾತ್ರ ಮಾತಾಡುತ್ತೇನೆ. ಕೆಲವು ಸಲ ಅದರ ಹಿಂದೆ ಒಳ್ಳೆಯ ಕಥೆಯೇ ಇರುತ್ತದೆ. ಊರಿನ ದೊಡ್ಡವರ ಮಾತಿಗೆ ಮಣಿಯದ್ದಕ್ಕೆ ಆದ ವರ್ಗಾವಣೆ ಆಗಿರಬಹುದು. ಹಾಕಬೇಡಿ ಅಂದರೆ ಬಿಟ್ಟುಬಿಡುತ್ತೇನೆ.

1956ಕ್ಕಿಂತ ಹಿಂದಿನದು

ಮೇಷ್ಟ್ರು ರಾಜ್ಯಗಳ ಮರುವಿಂಗಡಣೆಯಾದ 1956ರ ನವೆಂಬರ್ 1ಕ್ಕೆ ಮೊದಲೇ ಕೆಲಸಕ್ಕೆ ಸೇರಿದ್ದರೆ, ಅಥವಾ ಅವರು ಓದಿದ ಕಾಲದ ವಿಚಾರವಾದರೆ, ಆಗ ಆ ಊರು ಯಾವ ಸರ್ಕಾರದಲ್ಲಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಧಾರವಾಡ, ಬಿಜಾಪುರ, ಬೆಳಗಾವಿ ಕಡೆ ಮುಂಬೈ ಸರ್ಕಾರದ ಜಿಲ್ಲಾ ಸ್ಕೂಲ್ ಬೋರ್ಡಿನ ಕಾಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು ಮಾಸ್ತರಿಕೆಗೆ ಸೇರುತ್ತಿದ್ದರು. ಹಳೆ ಮೈಸೂರಿನಲ್ಲಿ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ. ಈ ಎರಡನ್ನೂ ‘ಏಳನೇ ಕ್ಲಾಸು’ ಅಂತ ಸಪಾಟಾಗಿ ಬರೆದುಬಿಟ್ಟರೆ ಆ ಕಾಲದಲ್ಲಿ ಅದಕ್ಕಿದ್ದ ತೂಕವೇ ಹೋಗುತ್ತದೆ. ರಾಯಚೂರು, ಗುಲ್ಬರ್ಗಾ, ಬೀದರ್ ಭಾಗದ ಹಳೆ ಕಾಗದ ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿ, ಅದು ನಿಜಾಮರ ಸರ್ಕಾರದ ವರ್ಷದ ಲೆಕ್ಕ. ಅಲ್ಲಿ ಫಸಲಿ 1357 ಅಂದರೆ 1947-48, ಅಂದರೆ 590 ಕೂಡಿಸಬೇಕು. ವರ್ಷ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ಜನವರಿಯಿಂದಾಚೆಗಿನ ತಿಂಗಳಿಗೆ 591. ಅಜೂರ್, ದೈ, ಬಹಮನ್ ಅಂತ ತಿಂಗಳ ಹೆಸರು ಕಂಡರೆ ಗಾಬರಿ ಬೀಳಬೇಡಿ, ಅವು ಆ ವರ್ಷದ ಮೊದಲ ಮೂರು ತಿಂಗಳು. ಸಂಬಳವೂ ಹಾಲಿ ಸಿಕ್ಕ ಅನ್ನುವ ನಿಜಾಮರ ರೂಪಾಯಿಯಲ್ಲಿರಬಹುದು. 1950ರ ಹೊತ್ತಿಗೆ ಅಲ್ಲಿನ 7 ರೂಪಾಯಿಗೆ ಇಲ್ಲಿನ 6 ಅನ್ನುವ ಲೆಕ್ಕ.

ದಕ್ಷಿಣ ಕನ್ನಡದ್ದು ಮದ್ರಾಸ್ ಲೆಕ್ಕ. ಅದರಲ್ಲೂ ಕಾಸರಗೋಡಿನವರದು ಎರಡು ತುಂಡಿನ ಬದುಕು. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ನೂರು ವರ್ಷ ಬಾಳಿದವರು. ಪೆರಡಾಲದ ಹೈಸ್ಕೂಲಿನಲ್ಲಿ ಮೇಷ್ಟ್ರು, ಪಂಚಾಯತಿ ಅಧ್ಯಕ್ಷರು, ಕೃಷಿಕರು, ಕವಿ, ಸ್ವಾತಂತ್ರ್ಯ ಹೋರಾಟಗಾರ. ಅವರ ತಲೆಮಾರಿನ ಅಲ್ಲಿಯ ಮೇಷ್ಟ್ರುಗಳ ಕಾಗದ ಹುಡುಕುವವರು 1956ಕ್ಕೆ ಹಿಂದಿನದನ್ನು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಹೆಸರಲ್ಲಿ, ಮುಂದಿನದನ್ನು ಕೇರಳದ ಕಚೇರಿಗಳಲ್ಲಿ ಹುಡುಕಬೇಕಾಗುತ್ತದೆ.

ಈಚಿನ ಜಿಲ್ಲಾ ವಿಂಗಡಣೆಯೂ ದಾರಿ ತಪ್ಪಿಸುತ್ತದೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉಡುಪಿ, ದಾವಣಗೆರೆ, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕೊಪ್ಪಳದ ಕಡತ ರಾಯಚೂರಿನಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ.

ಹುಟ್ಟಿದ ದಿನದ ಗೋಜಲು ಎಲ್ಲ ಕಡೆಯೂ ಇದ್ದದ್ದೇ. ಆ ತಲೆಮಾರಿನವರಲ್ಲಿ ಜೂನ್ 1 ಅಂತಿದ್ದರೆ ಅದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದ ದಿನ ಅಂತಲೇ ಹಿಡಿದು ವಿಚಾರಿಸಿ. ಜಾತಕವೋ ಹಿರಿಯರು ಪಂಚಾಂಗದಲ್ಲಿ ಬರೆದಿಟ್ಟದ್ದೋ ಇದ್ದರೆ ಸಂವತ್ಸರ ನೋಡಿ. 1927-28 ಪ್ರಭವ, 1935-36 ಯುವ, 1939-40 ಪ್ರಮಾಥಿ, 1947-48 ಸರ್ವಜಿತ್. ಸಂವತ್ಸರ ಶುರುವಾಗುವುದು ಯುಗಾದಿಗೆ ಅನ್ನುವುದನ್ನು ಮರೆತವರು ಇಲ್ಲಿ ಒಂದು ವರ್ಷ ಎಡವುತ್ತಾರೆ. ಯುವ ಸಂವತ್ಸರದ ಮಾಘ ಮಾಸ ಅಂದರೆ 1936ರ ಆರಂಭ, 1935 ಅಲ್ಲ. ಎರಡು ದಿನಾಂಕವನ್ನೂ ಪುಸ್ತಕದಲ್ಲಿ ಹಾಕಿ, ಯಾವುದು ದಾಖಲೆಯದು, ಯಾವುದು ಮನೆಯದು ಅಂತ ಹೇಳಿಬಿಡುವುದು ನನ್ನ ಪದ್ಧತಿ. ನಿವೃತ್ತಿಯ ಲೆಕ್ಕ ಮಾತ್ರ ದಾಖಲೆಯ ದಿನಕ್ಕೇ. 1-6-1944 ಅಂತಿದ್ದರೆ 58ರ ನಿಯಮದಂತೆ 31-5-2002ಕ್ಕೆ ನಿವೃತ್ತಿ, ಯಾಕೆಂದರೆ ತಿಂಗಳ ಒಂದನೇ ತಾರೀಕಿನವರು ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. 60ಕ್ಕೆ ಏರಿದ್ದು 2008ರಲ್ಲಿ.

ಶಾಲೆಯ ಬೀರು

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಹೆಡ್‌ಮಾಸ್ಟರಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಮೂಲಕ ಲಿಖಿತ ಮನವಿ ಕೊಟ್ಟು, ಅವರ ಎದುರಲ್ಲೇ ಕೂತು ನೋಡುತ್ತೇನೆ ಅಂದರೆ ಬಹುತೇಕ ಎಲ್ಲರೂ ಬೀರು ತೆಗೆಯುತ್ತಾರೆ. ಹೊರಗೆ ಒಯ್ಯುತ್ತೇನೆ ಅನ್ನಬಾರದು. ಪರೀಕ್ಷೆ ಸಮಯ, ದಾಖಲಾತಿಯ ಜೂನ್ ತಿಂಗಳು ಬಿಟ್ಟು ಹೋಗಿ.

ದಾಖಲಾತಿ ವಹಿಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ ಸಾಲಾಗಿರುತ್ತವೆ. ಮೇಷ್ಟ್ರು ಬರುವ ಹಿಂದಿನ ಐದು ವರ್ಷ, ಬಂದ ಮೇಲಿನ ಐದು ವರ್ಷ ತೆಗೆದುಕೊಂಡು ಮೂರೇ ಸಂಗತಿ ಎಣಿಸಿ: ಸೇರಿದ ಮಕ್ಕಳು ಎಷ್ಟು, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು, ನಾಲ್ಕನೇ ತರಗತಿ ಮುಗಿಸಿದವರು ಎಷ್ಟು. ‘ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಶಾಲೆಗೆ ಕರೆತಂದರು’ ಅನ್ನುವ ಮಾತು ಎಲ್ಲ ಗ್ರಂಥದಲ್ಲೂ ಇರುತ್ತದೆ. ಈ ಎಣಿಕೆ ಅದನ್ನು ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಆ ಮಾತು ಬಿಡಬೇಕು. ಸಂಖ್ಯೆ ಏರಿದ್ದರೂ ಕಾರಣ ಬೇರೆ ಇದೆಯೇ ನೋಡಿ. ಮಧ್ಯಾಹ್ನದ ಬಿಸಿಯೂಟ ಉತ್ತರದ ಜಿಲ್ಲೆಗಳಲ್ಲಿ 2002ರಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆ ಬಂತು. ಆ ಹೊತ್ತಿನ ಏರಿಕೆಯನ್ನೆಲ್ಲ ಮೇಷ್ಟ್ರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಹತ್ತಿರದಲ್ಲಿ ಹೊಸ ಶಾಲೆ ಆದಾಗ ಸಂಖ್ಯೆ ಇಳಿದಿರುತ್ತದೆ, ಅದೂ ಮೇಷ್ಟ್ರ ತಪ್ಪಲ್ಲ.

‘ಬಿಟ್ಟ ಕಾರಣ’ದ ಕಲಂ ಓದುತ್ತ ಹೋದರೆ ಊರಿನ ಕಥೆಯೇ ಬಿಚ್ಚಿಕೊಳ್ಳುತ್ತದೆ. ‘ದನ ಕಾಯಲು’, ‘ಮದುವೆ’, ‘ಪರಸ್ಥಳ’, ‘ಸತತ ಗೈರುಹಾಜರಿ’. ಒಂದೇ ಕೈಬರಹದ ಪುಟಗಳಲ್ಲಿ ಹಿಂದೆಲ್ಲ ಬರೀ ‘ಗೈರುಹಾಜರಿ’ ಅಂತಿದ್ದದ್ದು ಮೇಷ್ಟ್ರು ಬಂದ ಮೇಲೆ ‘ತಂದೆಗೆ ಕಾಯಿಲೆ, ಅಂಗಡಿ ನೋಡಿಕೊಳ್ಳಲು’ ಅಂತ ವಿವರವಾದರೆ, ಅವರು ಆ ಮನೆಗೆ ಹೋಗಿ ಕೇಳಿ ಬಂದಿದ್ದಾರೆ ಅಂತ ಅರ್ಥ. ಮಕ್ಕಳ ಹೆಸರು, ಜಾತಿ ಕಲಂ ಮಾತ್ರ ಪುಸ್ತಕಕ್ಕೆ ಬರಕೂಡದು. ಎಣಿಕೆ ಮಾತ್ರ ಬರಲಿ.

ಲಾಗ್ ಬುಕ್ ಇನ್ನೂ ಸೊಗಸು. ಇನ್ಸ್‌ಪೆಕ್ಟರು ಸೈಕಲಿನಲ್ಲೋ ಬಸ್ಸಿನಲ್ಲೋ ಬಂದು, ದಾಖಲೆ ಎಷ್ಟು, ಹಾಜರಿ ಎಷ್ಟು, ಮೂರನೇ ತರಗತಿಯ ಲೆಕ್ಕ ಹೇಗಿದೆ, ಸೂರು ಸೋರುತ್ತಿದೆ ಅಂತ ಬರೆದು ಸಹಿ ಹಾಕಿರುತ್ತಾರೆ. ಹೊಗಳಿಕೆಯ ಸಾಲು ಸಿಕ್ಕಿತು ಅಂತ ಅದೊಂದನ್ನೇ ಎತ್ತಿಕೊಳ್ಳಬೇಡಿ. ಸೋರುವ ಸೂರಿನ ವಿಷಯ ಸತತ ಐದು ಭೇಟಿಯಲ್ಲಿ ಬಂದಿದ್ದರೆ ಅದೇ ದೊಡ್ಡ ಸುದ್ದಿ. ಆರನೆಯದರಲ್ಲಿ ‘ಊರವರ ಸಹಾಯದಿಂದ ಹೆಂಚು ಹೊದಿಸಲಾಗಿದೆ’ ಅಂತಿದ್ದರೆ ಮೇಷ್ಟ್ರನ್ನು ಕೇಳಲಿಕ್ಕೆ ಪ್ರಶ್ನೆ ಸಿಕ್ಕಿತು: ಹೆಂಚು ಎಲ್ಲಿಂದ ಬಂತು, ಗಾಡಿ ಯಾರದು, ಮರ ಯಾರ ತೋಟದ್ದು?

ಹಳೆ ವಹಿಗಳ ಹಾಳೆ ಮುಟ್ಟಿದರೆ ಉದುರುತ್ತದೆ. ಬೆರಳಿಗೆ ಎಂಜಲು ಹಚ್ಚಿ ಮಗುಚಬೇಡಿ, ಸೆಲ್ಲೋಟೇಪ್ ಅಂಟಿಸಿ ಉಪಕಾರ ಮಾಡಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕಿಟಕಿ ಪಕ್ಕ ಮೇಜು ಎಳೆದು, ಫ್ಲಾಶ್ ಇಲ್ಲದೆ, ಮೊಬೈಲನ್ನು ನೇರ ಮೇಲಿಂದ ಹಿಡಿದು ತೆಗೆಯಿರಿ. ಹಿಂದಿನ ಪುಟದ ಶಾಯಿ ಮೂಡಿ ಕಾಣುತ್ತಿದ್ದರೆ ಹಾಳೆಯ ಕೆಳಗೆ ಒಂದು ಕಪ್ಪು ಕಾಗದ ಇಡಿ, ಆ ಕಡೆಯ ಅಕ್ಷರ ಮಾಯವಾಗುತ್ತದೆ. ಮೊದಲ ಫೋಟೊ ಯಾವಾಗಲೂ ವಹಿಯ ರಟ್ಟಿನದೇ ಇರಲಿ, ಇಲ್ಲದಿದ್ದರೆ ಯಾವ ಪುಟ ಯಾವ ಪುಸ್ತಕದ್ದು ಅಂತ ಆಮೇಲೆ ತಲೆ ಕೆಡುತ್ತದೆ.

ಕೂತು ಕೇಳುವುದು

ಎಂಬತ್ತು ದಾಟಿದವರ ಹತ್ತಿರ ಬೆಳಗಿನ ತಿಂಡಿ ಆದ ಮೇಲೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಸಂಜೆ ಹೊತ್ತಿಗೆ ದಣಿದಿರುತ್ತಾರೆ, ಊಟದ ಮೇಲೆ ಮಾತ್ರೆಯ ಮಂಪರು. ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಅಂತ ಮನೆಯವರನ್ನು ಕೇಳಿ ಆ ಪಕ್ಕಕ್ಕೆ ಕೂತುಕೊಳ್ಳಿ. ಫ್ಯಾನು, ಟಿವಿ ಆರಿಸಿ. ಕುಕ್ಕರು ಕೂಗುವ ಹೊತ್ತಾದರೆ ಅಡುಗೆಮನೆ ಬಾಗಿಲು ಹಾಕಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲಿನ ಮೇಲೆ ಅವರಿಗೆ ಒಂದು ಮೊಳ ದೂರದಲ್ಲಿ ಇಟ್ಟರೆ ಮೇಜು ಕುಟ್ಟಿದ ಸದ್ದು ಬರುವುದಿಲ್ಲ. ಶುರುವಿನಲ್ಲಿ ತಾರೀಕು, ಊರು, ಯಾರ ಜೊತೆ ಮಾತು ಅಂತ ನೀವೇ ಹೇಳಿ. ಅಂದೇ ರಾತ್ರಿ ಎರಡು ಕಡೆ ನಕಲು ಇಡಿ, ಕಡತದ ಹೆಸರು ತಾರೀಕಿನಿಂದಲೇ ಆರಂಭವಾಗಲಿ.

‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅಂದರೆ ಭಾಷಣ ಬರುತ್ತದೆ. ಕೈಗೆ ಸಿಗುವ ವಸ್ತು ಕೇಳಬೇಕು. ‘ಮೇಷ್ಟ್ರೇ, ಮೊದಲ್ನೇ ಸಂಬಳ ಎಷ್ಟು, ಯಾರ ಕೈಗೆ ಕೊಟ್ರಿ?’ ‘ಕೆಲಸಕ್ಕೆ ಸೇರೋಕೆ ಹೋದ ದಿನ ಬಸ್ಸು ಎಲ್ಲೀವರೆಗಿತ್ತು, ಅಲ್ಲಿಂದ ಹೆಂಗೆ ಹೋದ್ರಿ?’ ‘ನಾಲ್ಕು ಕ್ಲಾಸಿಗೂ ನೀವೊಬ್ರೇ ಅಂದ್ರೆ ಒಂದನೇ ಕ್ಲಾಸ್ನೋರಿಗೆ ಏನು ಮಾಡೋಕೆ ಹೇಳಿ ಮೂರನೇ ಕ್ಲಾಸಿಗೆ ಲೆಕ್ಕ ಹೇಳ್ತಿದ್ರಿ?’ ಏಕೋಪಾಧ್ಯಾಯ ಶಾಲೆಯ ಗುಟ್ಟು ಈ ಕೊನೆಯ ಪ್ರಶ್ನೆಯಲ್ಲಿ ಸಿಗುತ್ತದೆ: ದೊಡ್ಡ ಮಕ್ಕಳ ಕೈಲಿ ಚಿಕ್ಕವರಿಗೆ ಮರಳಲ್ಲಿ ಅಕ್ಷರ ತಿದ್ದಿಸುವುದು, ಮಗ್ಗಿ ಹೇಳಿಸುವುದು, ಅಷ್ಟರಲ್ಲಿ ಬೋರ್ಡಿನ ಅರ್ಧಕ್ಕೆ ಗೆರೆ ಎಳೆದು ಎರಡು ತರಗತಿಗೆ ಎರಡು ಪಾಠ ಬರೆಯುವುದು. ಬೋರ್ಡಿಗೆ ಬಣ್ಣ ಎಲ್ಲಿಂದ ಅಂತಲೂ ಕೇಳಿ. ಇದ್ದಿಲು ಪುಡಿಗೆ ತೊಂಡೆಸೊಪ್ಪು ಅರೆದು ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ಬಳಿದದ್ದನ್ನು ಹೇಳುವಾಗ ಅವರ ಕೈ ತಾನಾಗಿಯೇ ಗೋಡೆ ಉಜ್ಜಿದ ಹಾಗೆ ಆಡುತ್ತದೆ. ಅಂಥದ್ದು ರೆಕಾರ್ಡಿಂಗಿನಲ್ಲಿ ಬರುವುದಿಲ್ಲ, ಪಕ್ಕದಲ್ಲಿ ಬರೆದುಕೊಳ್ಳಬೇಕು.

ಜನಗಣತಿ, ಚುನಾವಣೆ ಕೆಲಸವನ್ನು ಯಾರೂ ಕೇಳುವುದಿಲ್ಲ. ಹತ್ತು ವರ್ಷಕ್ಕೊಮ್ಮೆ 1961, 1971, 1981, 1991 ಅಂತ ಊರಿನ ಪ್ರತಿ ಮನೆ ಬಾಗಿಲಿಗೆ ಹೋಗಿ ಕೂತವರು ಇವರೇ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಓದಿಲ್ಲ ಅನ್ನುವುದು ಗೊತ್ತಾದದ್ದು ಹಾಗೆ. ಮುಂದೆ ಅದೇ ಮನೆಗೆ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗೆ ಕರೆಯಲು ಹೋದದ್ದು. ಕೆಲವು ಊರಲ್ಲಿ ಮೇಷ್ಟ್ರೇ ಶಾಖಾ ಅಂಚೆ ಕಚೇರಿಯನ್ನೂ ನೋಡಿಕೊಳ್ಳುತ್ತಿದ್ದರು. ಅಂಥವರಿಗೆ ಯಾರ ಮನೆಗೆ ಎಷ್ಟು ಮನಿಯಾರ್ಡರ್ ಬರುತ್ತದೆ ಅನ್ನುವುದೂ ಗೊತ್ತು, ಓದಲು ಬಾರದವರ ಕಾಗದ ಓದಿ ಹೇಳುವ, ಉತ್ತರ ಬರೆದು ಕೊಡುವ ಕೆಲಸವೂ ಅವರದೇ.

ಮೇಷ್ಟ್ರ ಮನೆಯವರ ಜೊತೆ ಬೇರೆಯಾಗಿ, ಮೇಷ್ಟ್ರು ಇಲ್ಲದ ಹೊತ್ತಿನಲ್ಲಿ ಮಾತಾಡಲೇಬೇಕು. ಜೊತೆಯಲ್ಲಿದ್ದರೆ ‘ಅವ್ರನ್ನೇ ಕೇಳಿ, ನಂಗೇನು ಗೊತ್ತು’ ಅಂದುಬಿಡುತ್ತಾರೆ. ‘ಅಮ್ಮಾ, ಆಗ ದಿನಾ ಊಟಕ್ಕೆ ಎಷ್ಟು ಎಲೆ ಬೀಳ್ತಿತ್ತು?’ ಅಂತ ಕೇಳಿದರೆ ಹೈಸ್ಕೂಲಿಗೆ ಅಂತ ಹಳ್ಳಿಯಿಂದ ಬಂದು ಮನೆಯಲ್ಲೇ ಉಳಿದ ಹುಡುಗರ ಹೆಸರೆಲ್ಲ ಬರುತ್ತವೆ. ತಿಂಗಳ ಇಪ್ಪತ್ತನೇ ತಾರೀಕಿಗೆ ಸಂಬಳ ಮುಗಿದಾಗ ಅಂಗಡಿಯ ಸಾಲದ ಪುಸ್ತಕ ಯಾರ ಹೆಸರಲ್ಲಿತ್ತು ಅನ್ನುವುದೂ ಅವರಿಗೇ ಗೊತ್ತು. ಸಮಾಜಸೇವೆಯ ಖರ್ಚು ನಡೆದದ್ದು ಆ ಅಡುಗೆಮನೆಯಲ್ಲಿ. ಟೀಚರಮ್ಮನ ಬದುಕಾದರೆ ಪ್ರಶ್ನೆ ತಿರುಗುತ್ತದೆ: ಶಾಲೆಗೆ ಹೊರಡುವ ಮೊದಲು ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಮಗು ಯಾರ ಮಡಿಲಲ್ಲಿ?

ವಿದ್ಯಾರ್ಥಿಗಳನ್ನು ಆರಿಸುವಾಗ ಡಾಕ್ಟರು, ಇಂಜಿನಿಯರು, ಅಮೆರಿಕಾದಲ್ಲಿರುವವರು ತಾವಾಗಿಯೇ ಮುಂದೆ ಬರುತ್ತಾರೆ. ಹುಡುಕಿಕೊಂಡು ಹೋಗಬೇಕಾದದ್ದು ಫೇಲಾದವರನ್ನು, ನಡುವೆ ಬಿಟ್ಟವರನ್ನು, ಊರ ಹೊರಗಿನ ಕೇರಿಯವರನ್ನು. ಕ್ಲಾಸಿನಲ್ಲಿ ಎಲ್ಲಿ ಕೂರುತ್ತಿದ್ದಿರಿ, ನೀರು ಎಲ್ಲಿ ಕುಡಿಯುತ್ತಿದ್ದಿರಿ, ಪೆಟ್ಟು ತಿಂದಿದ್ದಿರಾ ಅಂತ ನೇರವಾಗಿ ಕೇಳುತ್ತೇನೆ. ಮೇಷ್ಟ್ರು ನಿಜಕ್ಕೂ ಎಂಥವರು ಅನ್ನುವುದಕ್ಕೆ ಈ ಮೂರು ಪ್ರಶ್ನೆ ಸಾಕು. ಕೋಲು ಹಿಡಿದಿದ್ದರೆ ಹಿಡಿದಿದ್ದರು ಅಂತಲೇ ಬರೆಯುತ್ತೇನೆ. ಆ ಕಾಲದಲ್ಲಿ ಎಲ್ಲರೂ ಹಿಡಿಯುತ್ತಿದ್ದರು ಅಂತ ಸಮಜಾಯಿಷಿ ಸೇರಿಸುವುದಿಲ್ಲ.

ಊರ ಕೆಲಸದ ಸಾಕ್ಷಿ

‘ವಾಚನಾಲಯ ಕಟ್ಟಿದ್ದೇ ಮೇಷ್ಟ್ರು’ ಅಂತ ಊರೆಲ್ಲ ಹೇಳುತ್ತದೆ. ಗೋಡೆಯ ಶಂಕುಸ್ಥಾಪನೆ ಕಲ್ಲಿನಲ್ಲಿ ಮಂತ್ರಿಗಳ ಹೆಸರಿರುತ್ತದೆ, ಮೇಷ್ಟ್ರದು ಇರುವುದಿಲ್ಲ. ಇವೆರಡರ ನಡುವಿನ ನಿಜ ನಡಾವಳಿ ಪುಸ್ತಕದಲ್ಲಿದೆ. ಸಂಘದ ಸಭೆಯಲ್ಲಿ ಠರಾವು ಮಂಡಿಸಿದವರು ಯಾರು, ಅನುಮೋದಿಸಿದವರು ಯಾರು, ಎಷ್ಟು ಜನ ಬಂದಿದ್ದರು ಅಂತ ಅಲ್ಲಿರುತ್ತದೆ. ನೋಂದಣಿಯಾದ ಸಂಘವಾದರೆ 1960ರ ಸಂಘಗಳ ಕಾಯ್ದೆಯಡಿ, ಸಹಕಾರ ಸಂಘವಾದರೆ 1959ರ ಕಾಯ್ದೆಯಡಿ ಕಾಗದವಿರುತ್ತದೆ. ಮೊದಲ ಪುಟದಲ್ಲೇ ಸ್ಥಾಪಕ ಸದಸ್ಯರ ಸಹಿ. ದೇಣಿಗೆ ರಸೀದಿ ಪುಸ್ತಕದ ಅಡಿಪ್ರತಿ ಸಿಕ್ಕರೆ ಬಿಡಬೇಡಿ. ಎಂಟಾಣೆ, ಒಂದು ರೂಪಾಯಿ ಕೊಟ್ಟವರ ಸಾಲಿನಲ್ಲಿ ಊರಿನ ಚಿತ್ರ ಮೂಡುತ್ತದೆ. ಸೇವಾದಳ, ಸ್ಕೌಟಿನಲ್ಲಿ ಇದ್ದವರಾದರೆ ಶಿಬಿರದ ಪ್ರಮಾಣಪತ್ರಗಳು ಸೂಟ್‌ಕೇಸಿನ ತಳದಲ್ಲಿರುತ್ತವೆ.

ಒಂದು ಸಂಗತಿಗೆ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದ ಇಬ್ಬರ ಮಾತು ಅಥವಾ ಒಂದು ಕಾಗದ ಬೇಕು, ಇಲ್ಲವಾದರೆ ‘ಊರಲ್ಲಿ ಹೀಗೆ ಹೇಳುತ್ತಾರೆ’ ಅಂತ ಬರೆಯುತ್ತೇನೆ. ನದಿ ತುಂಬಿ ಹರಿಯುವಾಗ ಈಜಿಕೊಂಡು ಶಾಲೆಗೆ ಬಂದ ಕಥೆ ಬಹುತೇಕ ಎಲ್ಲ ಊರಿನ ಮೇಷ್ಟ್ರ ಬಗ್ಗೆಯೂ ಇದೆ.

ಗುಂಪು ಫೋಟೊ

ಏಳನೇ ತರಗತಿಯ ಬೀಳ್ಕೊಡುಗೆ ಫೋಟೊ ಎಲ್ಲರ ಮನೆಯಲ್ಲೂ ಇರುತ್ತದೆ, ಹೆಸರು ಮಾತ್ರ ಯಾರಿಗೂ ಪೂರ್ತಿ ನೆನಪಿಲ್ಲ. ಫೋಟೊವನ್ನು ದೊಡ್ಡದು ಮಾಡಿಸಿ, ಮೇಲೆ ಬಟರ್ ಪೇಪರ್ ಇಟ್ಟು ಪ್ರತಿ ತಲೆಯ ಸುತ್ತ ಗೆರೆ ಎಳೆದು ಒಳಗೆ ಅಂಕಿ ಹಾಕುತ್ತೇನೆ. ಆ ನಕ್ಷೆಯ ಜೆರಾಕ್ಸನ್ನು ನಾಲ್ಕು ಜನರಿಗೆ ಬೇರೆಬೇರೆಯಾಗಿ ಕೊಟ್ಟು ಹೆಸರು ತುಂಬಿಸಿಕೊಂಡು ತಾಳೆ ನೋಡುವುದು. ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ಹೆಸರೇ ಗಟ್ಟಿಯಾಗುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ಫೋಟೊವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಮಾಡಿಸಿ, ಸ್ಟುಡಿಯೋದ ಮೊಹರು ಇರುವುದು ಅಲ್ಲೇ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖದ ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಮೇಲಿಂದಲೇ, ಬೆಳಕು ಓರೆಯಾಗಿ ಬೀಳುವ ಕಡೆ ನಿಂತು ತೆಗೆಯಿರಿ. ವಾಟ್ಸಾಪಿನಲ್ಲಿ ಬಂದ ಫೋಟೊ ಅಚ್ಚಿಗೆ ಕೆಲಸಕ್ಕೆ ಬರುವುದಿಲ್ಲ. ಕಳಿಸುವವರು ‘ಡಾಕ್ಯುಮೆಂಟ್’ ಆಗಿ ಕಳಿಸಲಿ.

ಬರಹ, ಸಮಿತಿ, ಅಚ್ಚು

ಜೀವನದ ಭಾಗವನ್ನು ಒಬ್ಬರೇ ಬರೆಯಬೇಕು, ಉಳಿದವರ ನೆನಪುಗಳು ಅದರ ಹಿಂದೆ. ಲೇಖನ ಕೇಳುವಾಗ ‘ಒಂದೇ ಘಟನೆ, 300 ಪದ, ಯಾವ ವರ್ಷ, ಯಾವ ತರಗತಿ’ ಅಂತ ಚೀಟಿಯಲ್ಲೇ ಬರೆದು ಕೊಟ್ಟರೆ ಅರ್ಧ ವಿಶೇಷಣ ಅಲ್ಲೇ ಉದುರುತ್ತದೆ. ಚುಟುಕ, ಕವನ ಬರುವುದನ್ನು ಯಾರಿಂದಲೂ ತಡೆಯಲಾಗದು, ಅದಕ್ಕೆ ಎರಡು ಪುಟ ಮೀಸಲಿಟ್ಟು ಕೈಮುಗಿಯಿರಿ. ಗಣ್ಯರ ಶುಭ ಸಂದೇಶ ಮುಂದೆ ಬೇಡ, ಕೊನೆಗೆ ನಾಲ್ಕು ಪುಟದಲ್ಲಿ ಒಟ್ಟಿಗೆ. ಸಮಿತಿಯ ಮೊದಲ ಸಭೆಯಲ್ಲೇ ಇದನ್ನು ಬರೆಸಿಕೊಳ್ಳದಿದ್ದರೆ ಕೊನೆ ವಾರದಲ್ಲಿ ಜಗಳ ಆಗುತ್ತದೆ.

ಕರಡನ್ನು ಮೇಷ್ಟ್ರಿಗೆ ಓದಿ ಹೇಳುತ್ತೇನೆ, ಕೈಗೆ ಕೊಡುವುದಿಲ್ಲ. ಕೊಟ್ಟರೆ ವ್ಯಾಕರಣ ತಿದ್ದುತ್ತ ಕೂರುತ್ತಾರೆ, ವಿಷಯ ಹಿಂದಾಗುತ್ತದೆ. ಅವರ ಕಾಯಿಲೆ, ಮನೆಯ ಆಸ್ತಿ ವ್ಯವಹಾರ, ಬೇರೆಯವರ ಮಕ್ಕಳ ವಿಷಯ ಅವರು ಒಪ್ಪಿದರಷ್ಟೇ.

ಡಿಟಿಪಿಯಲ್ಲಿ ಕನ್ನಡದ್ದೇ ಒಂದು ತಲೆನೋವು. ಒಬ್ಬರು ಹಳೆ ‘ನುಡಿ’ ತಂತ್ರಾಂಶದಲ್ಲಿ, ಒಬ್ಬರು ‘ಬರಹ’ ತಂತ್ರಾಂಶದಲ್ಲಿ, ಇನ್ನೊಬ್ಬರು ಮೊಬೈಲಿನ ಯೂನಿಕೋಡಿನಲ್ಲಿ ಕಳಿಸಿರುತ್ತಾರೆ. ಪರಿವರ್ತಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಜಾರುತ್ತವೆ. ಕಾರ್ಯ, ಸೂರ್ಯ, ವರ್ಷ, ಮುಖ್ಯೋಪಾಧ್ಯಾಯ ಇವಿಷ್ಟನ್ನು ಮೊದಲು ಹುಡುಕಿ ನೋಡಿದರೆ ಎಷ್ಟು ಕೆಟ್ಟಿದೆ ತಿಳಿಯುತ್ತದೆ. ಎಲ್ಲವನ್ನೂ ಯೂನಿಕೋಡಿಗೆ ತಂದು ತಿದ್ದಿದ ಮೇಲೆಯೇ ಪುಟ ಕಟ್ಟಲು ಕೊಡಿ. ಇಸವಿಗಳನ್ನು ಲೆಡ್ಜರ್ ಇಟ್ಟುಕೊಂಡು ಬೇರೆಯಾಗಿ ಒಂದು ಸಲ ಓದಬೇಕು, ಅಕ್ಷರ ತಿದ್ದುವ ಕಣ್ಣಿಗೆ ಅಂಕಿ ತಪ್ಪು ಕಾಣುವುದಿಲ್ಲ.

ಅಳತೆ ಡೆಮಿ 1/8, ಒಂದು ಫಾರಂಗೆ, ಅಂದರೆ ಅಚ್ಚಿಗೆ ಹೋಗುವ ಒಂದು ದೊಡ್ಡ ಹಾಳೆಗೆ 16 ಪುಟ. 96 ಅಥವಾ 112 ಪುಟಕ್ಕೆ ಹೊಂದಿಸಿದರೆ ಕಾಗದ ವ್ಯರ್ಥವಾಗದು. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಫೋಟೊಗಳಿಗೆ ಎಂಟು ಪುಟ ಆರ್ಟ್ ಪೇಪರ್. ಬರೀ ಅಂಟಿನ ಬೈಂಡಿಂಗ್ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಾಳೆ ಬಿಡುತ್ತದೆ, ಹೊಲಿಗೆ ಹಾಕಿಸಿ. ಪ್ರತಿ ಮುನ್ನೂರರ ಒಳಗಾದರೆ ಡಿಜಿಟಲ್, ಮೇಲಾದರೆ ಆಫ್‌ಸೆಟ್ ಅಗ್ಗ ಬೀಳುತ್ತದೆ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಲ್ಲಿ ಪುಕ್ಕಟೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಅರ್ಜಿಯನ್ನು ಮಾತ್ರ ಬೇಗ ಹಾಕಿ. ಸಮಾರಂಭದ ದಿನ ಮುಂದೆ ಹೋಗುವುದಿಲ್ಲ. ಹತ್ತು ತಿಂಗಳ ಮೊದಲು ಶುರು ಮಾಡಿ, ಅಚ್ಚಿಗೆ ಪೂರ್ತಿ ಆರು ವಾರ ಬಿಡಿ.

ಪುಸ್ತಕ ಬಂದ ಮೇಲೆ ಶಾಲೆಗೆ ಎರಡು, ಊರಿನ ಗ್ರಂಥಾಲಯಕ್ಕೆ ಎರಡು, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಅಂಚೆಯಲ್ಲಿ. ರೆಕಾರ್ಡಿಂಗು, ಸ್ಕ್ಯಾನು, ವಹಿಯ ಫೋಟೊ ಎಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಒಂದು ನಕಲು ಮೇಷ್ಟ್ರ ಮನೆಗೆ, ಇನ್ನೊಂದು ಸಮಿತಿಯ ಕಿರಿಯ ಸದಸ್ಯರೊಬ್ಬರಿಗೆ. ಲೆಡ್ಜರು ನನ್ನ ಹತ್ತಿರವೇ ಇರುತ್ತದೆ, ಯಾಕೆಂದರೆ ಬಿಡುಗಡೆಯ ಮರುದಿನದಿಂದಲೇ ‘ನೀವು ಹಾಕಿರೋ ಇಸವಿ ತಪ್ಪು, ನಾನಾಗ ಐದನೇ ಕ್ಲಾಸು’ ಅಂತ ಫೋನು ಬರಲು ಶುರುವಾಗುತ್ತದೆ. ಕೊನೆಯ ಕಲಂ ನೋಡಿ ಉತ್ತರ ಹೇಳುತ್ತೇನೆ. ಅವರ ಟಿಸಿಯಲ್ಲಿ ಬೇರೆಯೇ ಇದ್ದರೆ ಅದರ ಫೋಟೊ ಕಳಿಸಿ ಅನ್ನುತ್ತೇನೆ, ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಬೇಕಲ್ಲ.